ಎರಡು ಸೀನಿನ ಕಷಾಯ

ಸೀನಪ್ಪ ಎಂಬುದು ಅವನ ಹೆಸರಲ್ಲ. ಹೊಸಬರು ಅದೇ ಹೆಸರೆಂದುಕೊಂಡು ಬಹಳ ಗೌರವದಿಂದ "ಸೀನಪ್ಪನವರೇ" ಎಂದು ಕರೆಯುತ್ತಿದ್ದರು. ತಿದ್ದೋಣವೆಂದು ಅವನು ಬಾಯಿ ತೆರೆದರೆ ಮಾತಿಗಿಂತ ಮೊದಲು ಸೀನು ಹೊರಗೆ ಬರುತ್ತಿತ್ತು. ಹೊಸಬರಿಗೆ ವಿಷಯ ತಾನಾಗಿಯೇ ಅರ್ಥವಾಗುತ್ತಿತ್ತು.

ಹುಟ್ಟಿದಾಗಿನಿಂದಲೂ ಅವನ ಮೂಗು ಹಾಗೆಯೇ. ಆಚೆ ಬೀದಿಯಲ್ಲಿ ಯಾರೋ ಮೆಣಸಿನಕಾಯಿ ಹುರಿದರೆ ಈಚೆ ಬೀದಿಯಲ್ಲಿ ಇವನು ಸೀನುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ಬೋರ್ಡು ಒರೆಸುವ ಮೊದಲು "ನೀನು ಹೊರಗೆ ಹೋಗಪ್ಪ" ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮನೆಗೆ ಬಂದ. ಬಣ್ಣದ ಅಂಗಡಿಯಲ್ಲಿ ಒಂದು ವಾರ ಉಳಿದ. ಸೋಪಿನ ಕಾರ್ಖಾನೆಯ ಗೇಟಿನವರೆಗೆ ಹೋಗಿ, ಅಲ್ಲಿಂದಲೇ ಮೂಗು ಮುಚ್ಚಿಕೊಂಡು ಹಿಂದಿರುಗಿದ. ಕೊನೆಗೆ ಗಾಜು ಕತ್ತರಿಸುವ ಒಬ್ಬ ಮುದುಕನ ಹತ್ತಿರ ಕೆಲಸ ಕಲಿತ. ಗಾಜಿಗೆ ವಾಸನೆಯಿಲ್ಲ. ಆ ಒಂದೇ ಕಾರಣಕ್ಕೆ ಅವನು ಗಾಜಿನವನಾದ. ನಿಧಾನವಾಗಿ ಸ್ವಂತ ಅಂಗಡಿಯನ್ನೂ ಇಟ್ಟ. ಗೋಣಿತಾಟಿನ ಮೇಲೆ ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ನಡುವೆ ಹಳೆಯ ಕಂಬಳಿ ಹಾಸಿದ ಉದ್ದನೆಯ ಮೇಜು, ಕಿವಿಯ ಹಿಂದೆ ಗುರುತು ಹಾಕುವ ಪೆನ್ಸಿಲು. ಇಷ್ಟೇ ಅವನ ಅಂಗಡಿ.

ಆದರೆ ಹಣೆಬರಹ ನೋಡಿ, ಅವನಿಗೆ ಸಿಕ್ಕ ಹೆಂಡತಿಗೆ ವಾಸನೆಯಿಲ್ಲದ ಕೆಲಸವೇ ಸೇರುತ್ತಿರಲಿಲ್ಲ.

ಮನೆಯ ಹಿತ್ತಲಿನಲ್ಲಿ ಅವಳು ಸೌತೆ ಬೆಳೆಯುತ್ತಿದ್ದಳು. ಹಿತ್ತಲು ಅವಳ ತಾಯಿಯದು. ಅಂಗಡಿಯಲ್ಲಿ ಮಿಕ್ಕ ಗಾಜಿನ ತುಂಡುಗಳನ್ನೆಲ್ಲ ಸೇರಿಸಿ ಸೀನಪ್ಪ ಅಲ್ಲಿ ಒಂದು ಗಾಜಿನ ಮನೆ ಕಟ್ಟಿಕೊಟ್ಟಿದ್ದ. ಒಂದು ಗಾಜಿನ ಹಾಗೆ ಇನ್ನೊಂದಿರಲಿಲ್ಲ. ಒಂದು ಕಡೆ ಬಚ್ಚಲು ಕಿಟಕಿಯ ಮಸುಕು ಗಾಜು, ಇನ್ನೊಂದು ಕಡೆ ಬಸ್ಸಿನ ಗಾಜು. ಬಾಗಿಲಿಗೆ ಯಾವುದೋ ಮುಚ್ಚಿಹೋದ ಅಂಗಡಿಯ ಗಾಜು ಕೂರಿಸಿದ್ದ. ಅದರ ಮೇಲೆ ಕೆಂಪಕ್ಷರದಲ್ಲಿ "ಒಳಗೆ ಬನ್ನಿ" ಎಂದು ಬರೆದಿತ್ತು.

ಅದನ್ನು ಓದಿಕೊಂಡೇ ಬೂದಿರೋಗ ಒಳಗೆ ಬಂತೆಂದು ಹೆಂಡತಿ ಹೇಳುತ್ತಿದ್ದಳು. ಮೊದಲು ಒಂದೆರಡು ಎಲೆಗಳ ಮೇಲೆ ಯಾರೋ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಒರೆಸಿದರೆ ಹೋಗುತ್ತದೆ, ನಾಳೆ ನೋಡಿದರೆ ಅದರ ನೆಂಟರಿಷ್ಟರೆಲ್ಲ ಬಂದು ಕೂತಿರುತ್ತಾರೆ. ಆಮೇಲೆ ಎಲೆಯೆಲ್ಲ ಬೂದಿ ಬಳಿದಂತಾಗಿ, ಹಳದಿಯಾಗಿ, ಮುದುಡಿಹೋಗುತ್ತದೆ.

ಅದಕ್ಕೆ ಅವಳು ಕಷಾಯ ಮಾಡುತ್ತಿದ್ದಳು. ಬೆಳ್ಳುಳ್ಳಿ ಜಜ್ಜಿ ತಣ್ಣೀರಿನಲ್ಲಿ ನೆನೆಹಾಕುವುದು, ದಾಲ್ಚಿನ್ನಿ ಚಕ್ಕೆಯನ್ನು ಬೇರೆಯಾಗಿ ಕುದಿಸಿ ಆರಿಸುವುದು, ಎರಡನ್ನೂ ಸೇರಿಸಿ ಗಂಡನ ಹಳೆಯ ಬನಿಯನ್ನಿನಲ್ಲಿ ಸೋಸುವುದು. ಎಲೆಗೆ ಅಂಟಿಕೊಳ್ಳಲೆಂದು ಒಂದು ಚಮಚ ಸೋಪಿನ ನೀರು. ಬಿಸಿಲೇರುವ ಮೊದಲು ಎಲೆಯ ಮೇಲೂ ಕೆಳಗೂ ಹೊಡೆಯುವುದು. ಬಂದ ರೋಗವನ್ನು ಓಡಿಸುವುದು ಅದರ ಕೈಲಾಗುತ್ತಿರಲಿಲ್ಲ. ಹೊಸ ಎಲೆಗೆ ಹತ್ತದಂತೆ ತಡೆಯುತ್ತಿತ್ತು, ಅಷ್ಟೆ. ಅಷ್ಟಾದರೆ ಸೌತೆಗೆ ಸಾಕು.

ತೊಂದರೆ ಇದ್ದದ್ದು ಖಾರದ ಹದದಲ್ಲಿ. ಬೆಳ್ಳುಳ್ಳಿಯೂ ಮನುಷ್ಯರ ಹಾಗೆ. ಒಂದು ಗಡ್ಡೆ ಮೂಗಿಗೇ ಗುದ್ದುತ್ತದೆ, ಇನ್ನೊಂದು ಗಡ್ಡೆ ಎಷ್ಟು ಜಜ್ಜಿದರೂ ಸಾಧು. ಲೋಟದಲ್ಲಿ ಅಳೆದರೆ ಒಮ್ಮೆ ಸಪ್ಪೆಯಾಗಿ ರೋಗ ನಗುತ್ತಿತ್ತು, ಇನ್ನೊಮ್ಮೆ ಎಲೆಯ ಅಂಚು ಸುಟ್ಟು ಕಂದಾಗುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಸೀನಪ್ಪ ಕಷಾಯದ ಪಾತ್ರೆಯ ಪಕ್ಕದಲ್ಲಿ ಹಾದುಹೋಗುತ್ತಾ ಎರಡು ಸಲ ಸೀನಿದ. ಆ ದಿನದ ಕಷಾಯ ಸರಿಯಾಗಿ ಕೆಲಸ ಮಾಡಿತು. ಹಿಂದೆ ಎಲೆ ಸುಟ್ಟ ದಿನ ಗಂಡ ನಾಲ್ಕು ಸಲ ಸೀನಿದ್ದು ಹೆಂಡತಿಗೆ ಆಗ ನೆನಪಾಯಿತು.

"ರೀ, ಬನ್ನಿ ಇಲ್ಲಿ" ಎಂದಳು. "ಇನ್ನೊಂದು ಸಲ ಮೂಸಿ."

ಅಂದಿನಿಂದ ಅದೇ ಅಳತೆ. ಸೀನಪ್ಪ ಗಾಜಿನ ಮನೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುವುದು. ಅಂಗಡಿಯವರು ತೂಗುವ ಮುಂಚೆ ತಕ್ಕಡಿಯ ತಟ್ಟೆ ಒರೆಸುವಂತೆ ಅವನು ಕರವಸ್ತ್ರದಿಂದ ಮೂಗನ್ನು ಚೊಕ್ಕಟವಾಗಿ ಒರೆಸಿಕೊಳ್ಳುವುದು. ಹೆಂಡತಿ ಪಾತ್ರೆಯನ್ನು ಮೂಗಿನ ಕೆಳಗೆ ಹಿಡಿಯುವುದು. ಒಂದು ಸೀನು ಬಂದರೆ ಇನ್ನಷ್ಟು ಬೆಳ್ಳುಳ್ಳಿ. ಮೂರು ಬಂದರೆ ಇನ್ನೊಂದು ಚೊಂಬು ನೀರು. ಎರಡು ಬಂದರೆ "ಸರಿ, ಏಳಿ."

ಸೀನಪ್ಪ ಹೊರಗೆ ಗೊಣಗುತ್ತಿದ್ದ, ಒಳಗೆ ಹಿಗ್ಗುತ್ತಿದ್ದ. ಜೀವಮಾನವೆಲ್ಲ ಆ ಮೂಗಿನಿಂದ ಅವನು ಬೈಗುಳ ತಿಂದಿದ್ದ. ಅದಕ್ಕೆ ಬೆಲೆ ಇದ್ದದ್ದು ಜಗತ್ತಿನಲ್ಲಿ ಆ ಗಾಜಿನ ಮನೆಯೊಳಗೆ ಮಾತ್ರ.

ಆ ಜಾಗದ ಮೇಲೆಯೇ ಬಾಮೈದನ ಕಣ್ಣು ಬಿತ್ತು.

ಹೆಂಡತಿಯ ತಮ್ಮನಿಗೆ ಗಿಡಗಳಿಗೆ ಹೊಡೆಯುವ ಔಷಧಿಗಳ ಅಂಗಡಿ ಇತ್ತು. ವ್ಯಾಪಾರ ಚೆನ್ನಾಗಿತ್ತು, ಜಾಗ ಇರಲಿಲ್ಲ. ಮನೆಯ ಮಂಚದ ಕೆಳಗೂ ಡಬ್ಬಗಳು. ಅವನು ಬಾಯಿ ತುಂಬ ನಗುತ್ತಾ ಬಂದು ಗಾಜಿನ ಮನೆಯನ್ನು ಸುತ್ತುಹಾಕಿದ.

"ಅಕ್ಕಾ, ಈ ಜಾಗ ಕೊಟ್ಬಿಡು. ಒಂದು ಗೋದಾಮು ಕಟ್ಕೋತೀನಿ. ನಿನಗೆ ಸೌತೆಕಾಯಿ ತಾನೇ ಬೇಕು? ನಾನೇ ತಂದ್ಕೊಡ್ತೀನಿ."

"ಏನೋ, ನನ್ನ ಗಿಡ ಕಿತ್ತು ನಿನ್ನ ಡಬ್ಬ ನೆಡ್ಲಾ?"

"ಗಿಡ ಎಲ್ಲಿದೆ ಅಕ್ಕಾ? ಎಲ್ಲಾ ಬೂದಿ. ಭಾವ ಸೀನಿ ಸೀನಿ ವಾಸಿ ಮಾಡ್ತಾರಂತೆ, ಬೀದಿಯೆಲ್ಲಾ ನಗ್ತಿದೆ."

"ನಗಲಿ ಬಿಡಯ್ಯ" ಎಂದ ಸೀನಪ್ಪ. "ನಿನ್ನ ಔಷಧಿ ಡಬ್ಬದ ಮೇಲೆ ತಲೆಬುರುಡೆ ಚಿತ್ರ ಇದೆ. ನನ್ನ ಮೂಗಿನ ಮೇಲೆ ಇಲ್ಲವಲ್ಲ."

ಮಾತಿಗೆ ಮಾತು ಬೆಳೆದು ವಿಷಯ ತಾಯಿಯ ತನಕ ಹೋಯಿತು. ಮಗನ ಮನೆಯಲ್ಲಿ ಇರುತ್ತಿದ್ದ ಆಕೆಗೆ ಕಣ್ಣು ಸ್ವಲ್ಪ ಮಂಜು, ನಾಲಿಗೆ ಮಾತ್ರ ಹೊಸ ಬ್ಲೇಡು. ಸೊಂಟದಲ್ಲಿ ಸದಾ ಒಂದು ನಶ್ಯದ ಡಬ್ಬಿ. ಇಬ್ಬರ ಮಾತನ್ನೂ ಕೇಳಿ, ಒಂದು ಚಿಟಿಕೆ ಏರಿಸಿ, ತೀರ್ಪು ಹೇಳಿದಳು:

"ತಿಂಗಳ ಕೊನೇ ಭಾನುವಾರ ಬರ್ತೀನಿ. ಎಲೆ ಸವರಿ ನೋಡ್ತೀನಿ. ಬೆರಳಿಗೆ ಬಿಳಿ ಹತ್ತಿದರೆ ಹಿತ್ತಲು ಮಗನಿಗೆ. ಹತ್ತದಿದ್ದರೆ ಮಗಳಿಗೆ. ಆಮೇಲೆ ಯಾರಾದರೂ ತುಟಿ ಬಿಚ್ಚಿದರೆ ಇಬ್ಬರಿಗೂ ಇಲ್ಲ, ನಾನೇ ಅಲ್ಲಿ ಎಮ್ಮೆ ಕಟ್ತೀನಿ."

ಅಂದಿನಿಂದ ಬಾಮೈದನಿಗೆ ಭಾವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಬೆಳಿಗ್ಗೆ ಬೆಳಿಗ್ಗೆಯೇ ಬಂದು ಚಹಾ ಕುಡಿದು ಹೋಗುತ್ತಿದ್ದ. "ಭಾವ, ನಿಮ್ಮ ಕರವಸ್ತ್ರ ಕುರ್ಚಿ ಕೆಳಗೆ ಬಿದ್ದಿತ್ತು, ತಗೊಳ್ಳಿ" ಎಂದು ತಾನೇ ಮಡಿಸಿ ಕೈಗೆ ಕೊಡುತ್ತಿದ್ದ.

ಅದೇ ಸಮಯಕ್ಕೆ ಕಷಾಯಕ್ಕೂ ಏನೋ ಬಂತು. ಹೆಂಡತಿ ಪಾತ್ರೆ ಹಿಡಿದರೆ ಸೀನಪ್ಪ ಎರಡಕ್ಕೆ ನಿಲ್ಲುತ್ತಿರಲಿಲ್ಲ. ಮೂರು, ನಾಲ್ಕು, ಐದು. ಅವಳು ಒಂದು ಚೊಂಬು ನೀರು ಸುರಿಯುತ್ತಿದ್ದಳು. ಮತ್ತೆ ಐದು. ಇನ್ನೊಂದು ಚೊಂಬು. ಮತ್ತೆ ಆರು!

"ಈ ಸಲದ ಬೆಳ್ಳುಳ್ಳಿ ರಾಕ್ಷಸ ಕಣ್ರೀ" ಎಂದುಕೊಂಡು ಅವಳು ಆ ನೀರು ನೀರಾದ ಕಷಾಯವನ್ನೇ ಹೊಡೆದಳು. ಬೂದಿರೋಗಕ್ಕೆ ಅದಕ್ಕಿಂತ ಇನ್ನೇನು ಬೇಕು? ಕೆಳಗಿನ ಎಲೆಗಳೆಲ್ಲ ಬೆಳ್ಳಗಾದವು. ಬಿಳಿ ನಿಧಾನವಾಗಿ ಬಳ್ಳಿಯ ಮೇಲಕ್ಕೆ ಹತ್ತತೊಡಗಿತು. ಹೆಂಡತಿ ಎಲೆಗಳನ್ನು ನೋಡುತ್ತಿದ್ದಳು, ಆಮೇಲೆ ಗಂಡನನ್ನು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಏನೂ ಹೇಳದೆ ಅದೇ ಪಾತ್ರೆಯನ್ನು ತೊಳೆದು, ನಲ್ಲಿ ನೀರು ತುಂಬಿ, ಗಂಡನ ಮೂಗಿನ ಕೆಳಗೆ ಹಿಡಿದಳು. ಸೀನಪ್ಪ ಎಂದಿನಂತೆ ಮೂಗು ಒರೆಸಿಕೊಂಡು, ಕಣ್ಣು ಮುಚ್ಚಿ, ಏಳು ಸಲ ಸೀನಿದ.

"ಏಳು" ಎಂದಳು ಅವಳು. "ರೀ, ಇದು ನಲ್ಲಿ ನೀರು."

ಸೀನಪ್ಪ ಕಣ್ಣು ಬಿಟ್ಟು ಪಾತ್ರೆಯೊಳಗೆ ನೋಡಿದ. ನೀರೇ. ಅವನ ಮುಖವೂ ಅದರೊಳಗೆ ಕಾಣುತ್ತಿತ್ತು, ಕೆಂಪು ಮೂಗಿನ ಸಮೇತ.

"ನಲ್ಲಿ ನೀರು ಕೆಟ್ಟಿರಬೇಕು ಕಣೇ."

"ನೀರಲ್ಲ ಕೆಟ್ಟಿರೋದು. ನಿಜ ಹೇಳಿ. ಬೇಕು ಅಂತ ಸೀನ್ತಿದೀರಾ? ನನ್ನ ತಮ್ಮ ನಿಮಗೆ ಏನಾದರೂ ಹೇಳಿಕೊಟ್ಟನಾ? ಈ ವಾಸನೆಯಿಂದ ಬಿಡುಗಡೆ ಆಗಲಿ ಅಂತ ನೀವೂ..."

ಸೀನಪ್ಪನಿಗೆ ಆ ಮಾತು ಚುಚ್ಚಿತು. ಗಾಜು ಕುಯ್ದಾಗಲೂ ಅವನು ಅಷ್ಟು ನೊಂದಿರಲಿಲ್ಲ. "ಕೈಯಲ್ಲಿ ಸುಳ್ಳು ಬರೀಬಹುದು, ಬಾಯಲ್ಲಿ ಸುಳ್ಳು ಹೇಳಬಹುದು" ಎಂದ. "ಸೀನಿನಲ್ಲಿ ಸುಳ್ಳು ಹೇಳೋಕೆ ನನಗೆ ಬರಲ್ಲ ಕಣೇ." ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲೆಂದು ಕರವಸ್ತ್ರ ಮುಖಕ್ಕೆ ಹಿಡಿದ. ಹಿಡಿದದ್ದೇ ತಡ, ಸೌತೆಯ ಹೂವು ಉದುರುವಂತೆ ಸೀನಿದ.

ಹೆಂಡತಿಯ ಕಣ್ಣು ಕಿರಿದಾಯಿತು. ಈಗ ಮೂಗಿನ ಹತ್ತಿರ ಪಾತ್ರೆಯೇ ಇರಲಿಲ್ಲವಲ್ಲ! ಅವಳು ಕರವಸ್ತ್ರವನ್ನು ಕಿತ್ತುಕೊಂಡು ಬಿಡಿಸಿದಳು. ಮಡಿಕೆಯೊಳಗೆ ಕಂದು ಬಣ್ಣದ ನುಣ್ಣನೆಯ ಪುಡಿ. ಮೂಸಿ ನೋಡಿದಳು. ಚಿಕ್ಕವಳಿದ್ದಾಗ ತಾಯಿಯ ಸೆರಗಿನಲ್ಲಿ ಮುಖವಿಟ್ಟು ಮಲಗಿದಾಗ ಬರುತ್ತಿದ್ದ ವಾಸನೆ ಅದು.

"ಅಮ್ಮನ ಡಬ್ಬಿಯದು" ಎಂದಳು. ಆಮೇಲೆ ಅವಳೂ ಸೀನಿದಳು.

ಗಂಡ ಹೆಂಡತಿ ಕರವಸ್ತ್ರವನ್ನು ಒಂದು ತಟ್ಟೆಯಲ್ಲಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತಾಯಿಯ ಹತ್ತಿರ ತೆಗೆದುಕೊಂಡು ಹೋದರು. ಬಾಮೈದ ಅಲ್ಲೇ ಕೂತು ಊಟ ಮಾಡುತ್ತಿದ್ದ. ತಟ್ಟೆ ನೋಡಿ, ಅಕ್ಕ ಏನೋ ತಿಂಡಿ ತಂದಳೆಂದು ಕೈ ಚಾಚಿದ. ಮುಚ್ಚಳ ತೆಗೆದ ಮೇಲೆ ಆ ಕೈ ಗಾಳಿಯಲ್ಲೇ ನಿಂತಿತು.

ತಾಯಿ ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರೆಳೆದಳು. ನಂತರ ಸೊಂಟದಿಂದ ಡಬ್ಬಿ ತೆಗೆದು ಅಲ್ಲಾಡಿಸಿ ನೋಡಿದಳು.

"ಅದಕ್ಕೇ! ತುಂಬಿಸಿದ ಡಬ್ಬಿ ಯಾಕೆ ಇಷ್ಟು ಬೇಗ ತಳ ಕಾಣ್ತಿದೆ ಅಂತ ನಾನು ಅಂಗಡಿಯವನನ್ನ ಬೈದೆನಲ್ಲೋ! ಪಾಪ, ಅವನಿಗೆ ಕಳ್ಳ ಅಂದೆ. ಕಳ್ಳನ್ನ ಮನೆಯಲ್ಲೇ ಸಾಕಿದೀನಿ."

"ಅಮ್ಮ, ತಮಾಷೆಗೆ..."

"ತಮಾಷೆಗೆ ನಿನ್ನ ಡಬ್ಬದ ಔಷಧಿ ಹಾಕಬೇಕಾಗಿತ್ತು. ನನ್ನ ನಶ್ಯ ಯಾಕೆ ಮುಟ್ಟಿದೆ?"

ಹೆಂಡತಿ ಗಂಡನನ್ನು ಮುಂದಕ್ಕೆ ತಳ್ಳಿದಳು. "ನೋಡಮ್ಮ ಇವರ ಮೂಗು. ಬದನೆಕಾಯಿ ಆಗಿದೆ. ಈಗ ಬೆಳ್ಳುಳ್ಳಿನೂ ಗೊತ್ತಾಗಲ್ಲ, ಬೆಂಕಿನೂ ಗೊತ್ತಾಗಲ್ಲ. ತಿಂಗಳ ಕೊನೇ ಭಾನುವಾರದವರೆಗೆ ಕಷಾಯದ ಹದ ನೋಡೋರು ಯಾರು?"

ಅದು ನಿಜ. ದಿನವೂ ನಶ್ಯ ತಿಂದ ಸೀನಪ್ಪನ ಮೂಗು ಊದಿ ಬಂದ್ ಆಗಿತ್ತು. ತಾಯಿ ಅಳಿಯನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಅಯ್ಯೋ, ಅಳಿಯಂದಿರೇ" ಎಂದಳು. ಮಗನ ಕಡೆ ತಿರುಗಿ, "ತಕ್ಕಡಿ ಮುರಿದೋನೇ ತಕ್ಕಡಿ ಆಗಬೇಕು. ನಾಳೆ ಬೆಳಿಗ್ಗೆಯಿಂದ ನೀನು ಹೋಗಿ ಮೂಸು. ನಾನೂ ಬರ್ತೀನಿ" ಎಂದಳು.

ಮರುದಿನ ಸ್ಟೂಲಿನ ಮೇಲೆ ಬಾಮೈದ ಕೂತ. ತಾಯಿ ಎದುರಿಗೆ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಸೀನಪ್ಪ ಮೂಗಿಗೆ ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ತನ್ನ ಜಾಗದಲ್ಲಿ ಇನ್ನೊಬ್ಬ ಕೂತದ್ದು ಅವನಿಗೆ ಹಿತವಾಗಿರಲಿಲ್ಲ.

ಬಾಮೈದ ಹಟ ಹಿಡಿದ. ಪಾತ್ರೆ ಹತ್ತಿರ ಬಂದಾಗ ಹಲ್ಲು ಕಚ್ಚಿದ. ಸೀನದಿದ್ದರೆ ಅಕ್ಕ ಬೆಳ್ಳುಳ್ಳಿ ಸುರಿಯುತ್ತಾಳೆ, ಎಲೆ ಸುಡುತ್ತದೆ, ಗೋದಾಮು ಏಳುತ್ತದೆ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಮುಖ ಟೊಮೇಟೊ ಆಯಿತು, ಕಿವಿ ಕೆಂಪಾಯಿತು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಏನೂ ಅನ್ನಿಸ್ತಿಲ್ಲ" ಎಂದ, ಕೀರಲು ಧ್ವನಿಯಲ್ಲಿ.

"ಒಳಗೆ ನುಂಗಿದ್ದನ್ನೂ ಲೆಕ್ಕಕ್ಕೆ ಹಿಡಿಯೇ ಮಗಳೇ" ಎಂದಳು ತಾಯಿ. ಆಮೇಲೆ ಪಕ್ಕದ ಬಳ್ಳಿಯ ಒಂದು ಕುಡಿಯನ್ನು ಹಗೂರ ಎಳೆದು ಮಗನ ಮೂಗಿನ ತುದಿಗೆ ಸವರಿದಳು.

ಆ ಸೀನಿಗೆ ಗಾಜಿನ ಮನೆಯ ಹಾಳೆಗಳೆಲ್ಲ ಜಣ್ ಎಂದವು. ಸೀನಪ್ಪ ಗಾಬರಿಯಿಂದ ಎರಡೂ ಕೈ ಚಾಚಿ ಗೋಡೆ ಹಿಡಿದುಕೊಂಡ.

"ಇದು ಒಂದಾ, ಹತ್ತಾ?" ಎಂದಳು ಹೆಂಡತಿ.

ಅದೇ ಈಗ ಸಮಸ್ಯೆಯಾಯಿತು. ಸೀನಪ್ಪನ ಸೀನು ಚಿಕ್ಕದು, ಎಣಿಸಲು ಸುಲಭ. ಬಾಮೈದನದು ಒಂದೇ ಒಂದು ಬರುತ್ತಿತ್ತು, ಮನೆ ನಡುಗಿಸಿ ಹೋಗುತ್ತಿತ್ತು. ಹಾಗಾಗಿ ಹೆಂಡತಿ ಮೊದಲು ತುದಿಯ ಒಂದೇ ಎಲೆಗೆ ಹೊಡೆದು ಮರುದಿನದವರೆಗೆ ಕಾದಳು. ಎಲೆ ಸುಡಲಿಲ್ಲ. ಸಪ್ಪೆಯಾಗಿದೆಯೇನೋ ಎಂದು ಇನ್ನೊಂದು ಎಲೆಗೆ ಸ್ವಲ್ಪ ಖಾರ ಮಾಡಿ ಹೊಡೆದಳು. ಅದರ ಅಂಚು ಸುಟ್ಟಿತು. ಮೊದಲಿನದೇ ಸರಿ ಎಂದು ತೀರ್ಮಾನವಾಯಿತು. ತಮ್ಮನ ಒಂದು ಸೀನು ಭಾವನ ಎರಡಕ್ಕೆ ಸಮ.

"ನನ್ನದು ಚಿಲ್ಲರೆ" ಎಂದ ಸೀನಪ್ಪ, ಊದಿದ ಮೂಗಿನಿಂದ. "ಇವನದು ಸಗಟು ವ್ಯಾಪಾರ."

ಕಷಾಯ ಹೊಡೆಯುವ ದಿನವೆಲ್ಲ ಬಾಮೈದ ಬೆಳ್ಳುಳ್ಳಿ ವಾಸನೆ ಮೆತ್ತಿಕೊಂಡು ಅಂಗಡಿ ತೆರೆಯಬೇಕಾಯಿತು. ಗಿರಾಕಿಗಳು ಮೂಗರಳಿಸಿ "ಹೊಸ ಔಷಧಿ ಬಂದಿದೆಯಾ?" ಎಂದು ಕೇಳಿದರೆ, "ಬಂದಿದೆ, ಇನ್ನೂ ಮಾರೋಕೆ ಬಿಟ್ಟಿಲ್ಲ" ಎನ್ನುತ್ತಿದ್ದ.

ಸೀನಪ್ಪನಿಗೆ ಸುಮ್ಮನೆ ನಿಂತು ನೋಡುವುದು ಆಗಲಿಲ್ಲ. ಒಳಗೆ ಗಾಳಿ ಆಡುವುದಿಲ್ಲ, ಸೆಕೆಗೇ ಈ ರೋಗ ಹೆಚ್ಚುತ್ತದೆ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಕೂರಿಸಿದ ಗಾಜನ್ನು ಬಿಚ್ಚುವುದೆಂದರೆ ಅವನಿಗೆ ಹಲ್ಲು ಕಿತ್ತಂತೆ. ಆದರೂ ಮೇಲ್ಗಡೆಯ ಒಂದು ಹಾಳೆ, ಕೆಳಗಡೆಯ ಬಸ್ಸಿನ ಗಾಜು, ಎರಡನ್ನೂ ಬಿಚ್ಚಿ ಗಾಳಿಗೆ ದಾರಿ ಮಾಡಿದ. ತೀರಾ ಬೆಳ್ಳಗಾಗಿದ್ದ ಎಲೆಗಳನ್ನು ಹೆಂಡತಿ ಕತ್ತರಿಸಿ ದೂರ ಹೂತು ಬಂದಳು. ಎಲ್ಲವನ್ನೂ ಕತ್ತರಿಸಿದರೆ ಬಳ್ಳಿ ಬದುಕುವುದಿಲ್ಲವೆಂದು ಕೆಳಗಿನ ಕೆಲವನ್ನು ಹಾಗೆಯೇ ಬಿಟ್ಟಳು. ಮೇಲೆ ಹೊಸ ಎಲೆಗಳು ಬಂದವು. ಹಸಿರಾಗಿಯೇ ಬಂದವು. ಕಷಾಯದಿಂದಲೋ, ಗಾಳಿಯಿಂದಲೋ, ಎರಡರಿಂದಲೋ, ಅದನ್ನು ಯಾರೂ ಬೇರೆ ಬೇರೆ ಮಾಡಿ ಹೇಳಲಾರರು.

ಭಾನುವಾರ ಬಂತು. ತಾಯಿ ಬಂದಳು. ಅವಳ ಹಿಂದೆ ಬಿಳಿ ಅಂಗಿ ಹಾಕಿಕೊಂಡ ಮಗ ಬಂದ. ಅವನು ತಳ್ಳುತ್ತಿದ್ದ ಕೈಗಾಡಿಯ ತುಂಬ ಇಟ್ಟಿಗೆ ಇತ್ತು.

"ಇದೇನೋ?" ಎಂದಳು ಅಕ್ಕ.

"ಹಾಗೇ, ದಾರೀಲಿ ಸಿಕ್ತು."

"ಗಾಡಿ ತುಂಬಾ ಇಟ್ಟಿಗೆ ದಾರೀಲಿ ಸಿಗುತ್ತಾ? ನಮಗೆ ಒಂದು ಗುಂಡುಸೂಜಿನೂ ಸಿಗಲ್ಲ."

ಒಳಗೆ ಹೋದದ್ದೇ ಅವನು ತಾಯಿಯ ಕೈ ಹಿಡಿದು ಪ್ರೀತಿಯಿಂದ ಕೆಳಗಿನ ಎಲೆಗಳ ಹತ್ತಿರ ಕರೆದೊಯ್ದ. "ಇಲ್ಲಿ ಸವರಮ್ಮ, ನಿನಗೆ ಬಗ್ಗೋಕೆ ಸುಲಭ."

ತಾಯಿ ಸವರಿದಳು. ಬೆರಳನ್ನು ಎತ್ತಿ ಕಣ್ಣಿನ ಹತ್ತಿರ ತಂದಳು. ಬೆಳ್ಳಗಿತ್ತು. ಹೆಂಡತಿ ಗಂಡನ ತೋಳನ್ನು ಬಿಗಿಯಾಗಿ ಹಿಡಿದಳು. ಆ ಸ್ಟೂಲು, ಆ ಪಾತ್ರೆ, ಕಣ್ಣು ಮುಚ್ಚಿ ಕೂರುವ ಬೆಳಗುಗಳು, ಎಲ್ಲ ಆ ಬೆರಳಿನ ತುದಿಯಲ್ಲಿ ನಿಂತಿದ್ದವು.

ತಾಯಿ ಆ ಬೆರಳನ್ನು ಮಗನ ಅಂಗಿಗೆ ಉದ್ದಕ್ಕೆ ಒರೆಸಿದಳು.

"ಇದು ನನ್ನ ನಶ್ಯ ಕದ್ದ ದಿನಗಳ ಎಲೆ. ಇದು ನಿನ್ನ ಲೆಕ್ಕಕ್ಕೆ" ಎಂದಳು. "ಅಳಿಯಂದಿರೇ, ಸ್ಟೂಲು ಕೊಡಿ. ಮೇಲಿನದು ನೋಡಬೇಕು."

ಸೀನಪ್ಪ ಸ್ಟೂಲು ಇಟ್ಟು, ಆಕೆಯನ್ನು ಹತ್ತಿಸಿ, ಬೀಳದಂತೆ ಹಿಡಿದು ನಿಂತ. ಆಕೆ ಅವಸರವಿಲ್ಲದೆ ಒಂದೊಂದೇ ಎಲೆ ಸವರಿದಳು. ಮೇಲೆ ಸವರಿದಳು, ತಿರುಗಿಸಿ ಕೆಳಗೂ ಸವರಿದಳು. ಬೆರಳು ಬರಿದಾಗಿಯೇ ಬರುತ್ತಿತ್ತು. ಬಾಮೈದ ಕತ್ತು ಉದ್ದ ಮಾಡಿ ಕಾಯುತ್ತಿದ್ದ.

"ಹತ್ತಿತು! ಹತ್ತಿತು! ಅಮ್ಮ, ಬೆರಳು ನೋಡು!"

ಬೆರಳಿನ ತುದಿಯಲ್ಲಿ ನಿಜವಾಗಿಯೂ ಏನೋ ಪುಡಿ ಇತ್ತು. ತಾಯಿ ಅದನ್ನು ಬೆಳಕಿಗೆ ಹಿಡಿದಳು. ಹೆಂಡತಿ ಹತ್ತಿರ ಬಂದು ನೋಡಿದಳು. ಸೀನಪ್ಪನಿಗೆ ಕೈ ಬಿಡುವ ಹಾಗಿರಲಿಲ್ಲ, ಅವನು ಕೆಳಗಿನಿಂದಲೇ "ಏನು, ಏನು?" ಎಂದು ಕೇಳುತ್ತಿದ್ದ.

"ಹಳದಿ" ಎಂದಳು ತಾಯಿ. "ಹೂವಿನ ಪುಡಿ ಕಣೋ ಇದು. ಕಣ್ಣು ಮಂಜಾಗಿರೋದು ನನಗೋ ನಿನಗೋ? ಹಿತ್ತಲು ಮಗಳದ್ದು. ಇಳಿಸಿ ನನ್ನ."

ಸೀನಪ್ಪ ಅತ್ತೆಯನ್ನು ಗಾಜಿನ ಹಾಳೆ ಇಳಿಸಿದಷ್ಟು ಜೋಪಾನವಾಗಿ ಇಳಿಸಿದ. ಹೆಂಡತಿ ಒಂದು ಎಳೆ ಸೌತೆಕಾಯಿ ಕಿತ್ತು, ನಡುವೆ ಮುರಿದು, ಅರ್ಧ ತಾಯಿಗೆ ಅರ್ಧ ತಮ್ಮನಿಗೆ ಕೊಟ್ಟಳು. ತಮ್ಮ ಅದನ್ನು ಬಾಯಲ್ಲಿ ಕಚ್ಚಿಕೊಂಡು ಗಾಡಿ ತಿರುಗಿಸಲು ಹೋದ.

"ಲೋ, ಮೂರು ಇಟ್ಟಿಗೆ ಇಳಿಸಿ ಹೋಗೋ. ಚಕ್ಕೆ ಕುದಿಸೋಕೆ ಒಲೆ ಹೂಡಬೇಕು" ಎಂದಳು ಅಕ್ಕ.

ಬಾಯಲ್ಲಿ ಕಾಯಿ ಇದ್ದದ್ದರಿಂದ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಮೂರು ಇಳಿಸಿದ.

"ಒಲೆ ಪಕ್ಕ ಪಾತ್ರೆ ಇಡೋದು ನೆಲದ ಮೇಲಾ?" ಎಂದಳು ತಾಯಿ. ಇನ್ನು ನಾಲ್ಕು ಇಳಿದವು.

"ಅತ್ತೆ ಎಷ್ಟು ದಿನ ಅಂತ ಬಕೆಟ್ ಮೇಲೆ ಕೂರ್ತಾರೆ?" ಎಂದ ಸೀನಪ್ಪ, ಬಹಳ ಸಣ್ಣ ಧ್ವನಿಯಲ್ಲಿ. "ಒಂದು ಕಟ್ಟೆ ಇದ್ದಿದ್ದರೆ..."

ಬಾಮೈದ ಭಾವನನ್ನು ಕಣ್ಣಲ್ಲೇ ಸುಟ್ಟ. ಆದರೆ ತಾಯಿ ಆಗಲೇ ಗೋಡೆಯ ಪಕ್ಕ ನಿಂತು, ಕಟ್ಟೆ ಎಲ್ಲಿಂದ ಎಲ್ಲಿಯವರೆಗೆ ಬರಬೇಕೆಂದು ಕಾಲಿನಿಂದ ಗೆರೆ ಎಳೆಯುತ್ತಿದ್ದಳು. ಅವನು ಹೊರಡುವಾಗ ಗಾಡಿ ಎಷ್ಟು ಹಗುರವಾಗಿತ್ತೆಂದರೆ ಬೀದಿಯ ಇಳಿಜಾರಿನಲ್ಲಿ ಅದೇ ಅವನನ್ನು ಎಳೆದುಕೊಂಡು ಹೋಯಿತು.